ಲಸಿಕೆ ಪಡೆದ ಬಳಿಕ ಅನ್ನೋ ಮೂರು ಶಬ್ದ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾ ಆಳಂದ ತಾಲ್ಲೂಕಿನ ಒಂದು ಊರಾಗ ಪೇಪರ್ ಏಜೆಂಟ್ ಇದ್ದೀನ್ರಿ. ಇಪ್ಪತ್ತೆರಡು ವರ್ಷ ಆಯ್ತು. ಮುಂಜಾನಿ ಐದೂವರೆ ಬಸ್ಸಿಗೆ ನಿಮ್ಮ ಬಂಡಲ್ ಇಳಿಸ್ಕೋತೀನಿ, ಅದರ ಜೋಡಿ ಇನ್ನೂ ಮೂರು ಪೇಪರಿಂದು ಇಳಿಸ್ಕೋತೀನಿ, ಏಳು ಗಂಟಿಯೊಳಗ ಮೂರು ಊರು ಮುಗಿಸ್ತೀನಿ. ನಮ್ಮ ಮನಿಯಾಕಿ ಇದೇ ಊರಾಗ ಆಶಾ ಕಾರ್ಯಕರ್ತೆ. ಹತ್ತು ಗಂಟಿಗೆ ಆಕಿ ಗುಲಾಬಿ ಸೀರಿ ಉಟ್ಕೊಂಡು ರಿಜಿಸ್ಟರ್ ಹಿಡ್ಕೊಂಡು ಹೊಂಟಾಳಂದ್ರ ನಾ ಹೋದ ಓಣಿಗೇ ಹೋಗ್ತಾಳ, ನಾ ಪೇಪರ್ ಒಗೆದ ಬಾಗಲಾನೇ ಬಡೀತಾಳ. ಒಂದೇ ಮನಿಯಿಂದ ಮುಂಜಾನಿ ಪೇಪರ್ ಹೋಗ್ತದ, ಹೊತ್ತು ಏರಿದ ಮ್ಯಾಲ ಸೂಜಿಗೆ ಬರ್ರಿ ಅಂತ ಕರೆ ಹೋಗ್ತದ. ಹಿಂಗಾಗಿ ನೀವು ಹಾಕಿದ ಹೆಡ್ಡಿಂಗಿಗೆ ಉತ್ತರ ಕೊಡೋ ಕೆಲಸ ಆಕಿ ಪಾಲಿಗೆ ಬಂದದ, ಆಕಿಗೆ ಆ ಹೆಡ್ಡಿಂಗ್ ಬಂದಿದ್ದು ಗೊತ್ತಾಗೋದು ಮಂದಿ ಬಾಗಲಾ ಹಾಕ್ಕೊಂಡ ಮ್ಯಾಲೇ.

ಈ ಪತ್ರ ಬರೀಲಿಕ್ಕ ಕಾರಣ ಹೋದ ವಾರದ್ದು. ಒಂದು ಮನಿಯಾಗ ಹದಿನೇಳು ತಿಂಗಳ ಕೂಸು ಅದ, ಅದಕ್ಕ ದಡಾರ ರುಬೆಲ್ಲಾದ ಎರಡನೇ ಡೋಸ್ ಆಗಬೇಕು. ಮೊದಲನೇದ್ದಕ್ಕ ಆ ತಾಯಿ ತಾನಾಗೇ ಬಂದಿದ್ಲು. ಈ ಸಲ ಒಳಗ ಕರೀಲೇ ಇಲ್ಲ. ಹೊಸ್ತಿಲ ಮ್ಯಾಲ ನಿಂತು ಕೂಸಿನ ಅಜ್ಜಿ ಅಂದ ಮಾತು ಇದು: "ಹಾಸನದಾಗ ಹರೇದ ಹುಡುಗರು ಸೂಜಿಯಿಂದ ಹಾರ್ಟ್ ಅಟ್ಯಾಕ್ ಆಗಿ ಸತ್ತಾರಲ್ಲ, ಪೇಪರಿನ್ಯಾಗೇ ಬಂದಿತ್ತು, ನಿನ್ನ ಗಂಡನೇ ತಂದು ಕೊಟ್ಟಾನ." ನಮ್ಮಾಕಿ ಮನಿಗೆ ಬಂದು ನನಗ ಏನೂ ಅನ್ಲಿಲ್ಲ, ರೊಟ್ಟಿ ಬಡೀಲಿಕ್ಕ ಕುಂತ್ಲು. ಸ್ವಲ್ಪ ಹೊತ್ತಾದ ಮ್ಯಾಲ, "ಹಾಸನದ್ದು ಆಮ್ಯಾಲ ಏನಾಯ್ತು, ಅದನ್ನ ಯಾರಾದ್ರೂ ಬರದಾರೇನು" ಅಂತ ಕೇಳಿದ್ಲು. ಬರದಾರ. ಆದ್ರ ಎಲ್ಲಿ ಬರದಾರ, ಎಷ್ಟು ಬರದಾರ ಅನ್ನೋದೇ ನನ್ನ ತಕರಾರು.

2025ರ ಜೂನ್ ತಿಂಗಳ ನೆನಪು ಮಾಡ್ಕೋರಿ. ಹಾಸನ ಜಿಲ್ಲಾದಾಗ ನಲವತ್ತು ದಿನದಾಗ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಹೋದ್ರು ಅಂತ ಸುದ್ದಿ. ದಿನಾ ಒಂದು ಹೊಸಾ ಸಾವು, ದಿನಾ ಎಣಿಕಿ ಏರಿಸ್ಕೋತ ಮೊದಲ ಪುಟದಾಗ. ಟಿವಿಯೊಳಗಂತೂ ಕೆಂಪು ಪಟ್ಟಿಯೊಳಗ ನಂಬರ್ ಓಡ್ತಿತ್ತು. ಜುಲೈ ಒಂದಕ್ಕ ಮುಖ್ಯಮಂತ್ರಿಗಳೂ ಕೋವಿಡ್ ಲಸಿಕೆಗೆ ಅವಸರದಾಗ ಅನುಮತಿ ಕೊಟ್ಟಿದ್ದೂ ಒಂದು ಕಾರಣ ಇರಬಹುದು ಅನ್ನೋ ಅರ್ಥದಾಗ ಮಾತಾಡಿದ್ರು, ಅದೂ ದೊಡ್ಡದಾಗಿ ಬಂತು. ಮೈಸೂರು, ಬೆಂಗಳೂರು ಜಯದೇವ ಆಸ್ಪತ್ರೆ ಮುಂದ ಮಂದಿ ನಸುಕಿನ್ಯಾಗೇ ಸಾಲು ಹಚ್ಚಿದ್ರು, ನಮ್ಮೂರಿಂದ ಕಲಬುರಗಿ ಜಯದೇವಕ್ಕ ಹೋಗಿ ಇಸಿಜಿ ತೆಗೆಸ್ಕೊಂಡು ಬಂದವರೂ ಅದಾರ, ಎದಿ ನೋವು ಇಲ್ಲ ಏನಿಲ್ಲ, ಬರೇ ಪೇಪರ್ ಓದಿ ಹೋದವರು. ಅಪ್ಪು ಅವರು 2021ರ ಅಕ್ಟೋಬರ್ 29ಕ್ಕ ಹೋದಾಗೂ ಹಿಂಗೇ ಆಗಿತ್ತು.

ಆಮ್ಯಾಲ ಏನಾಯ್ತು? ಜಯದೇವ ಸಂಸ್ಥೆಗೆ ಆವಾಗ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ವರದಿ ಕೊಡ್ತು. ಸಣ್ಣ ವಯಸ್ಸಿನ್ಯಾಗ ಬರೋ ಹೃದಯದ ಜಡ್ಡಿಗೂ ಕೋವಿಡ್ ಲಸಿಕೆಗೂ ಸಂಬಂಧ ಕಂಡುಬಂದಿಲ್ಲ ಅಂತ. ಅದಕ್ಕೂ ಮೊದಲ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ದವರು ದೇಶದ 47 ದೊಡ್ಡ ಆಸ್ಪತ್ರೆಯೊಳಗ 18ರಿಂದ 45 ವಯಸ್ಸಿನವರ ಅಚಾನಕ್ ಸಾವಿನ ಬಗ್ಗೆ ಅಧ್ಯಯನ ಮಾಡಿದ್ರು. ಸತ್ತವರು 729 ಮಂದಿ, ಅವರ ಜೋಡಿ ಹೋಲಿಸಿ ನೋಡಲಿಕ್ಕ ಅದೇ ವಯಸ್ಸಿನ ಬದುಕಿದವರು 2,916 ಮಂದಿ. ಲಸಿಕೆಯಿಂದ ಅಪಾಯ ಏರಿಲ್ಲ, ಎರಡು ಡೋಸ್ ತೊಗೊಂಡವರೊಳಗ ಇಂಥಾ ಸಾವಿನ ಸಂಭವ ಕಮ್ಮಿನೇ ಇತ್ತು ಅಂತ ಬಂತು. ಅಪಾಯ ಏರಿಸಿದ್ದು ಯಾವುವು ಅಂದ್ರ ಕೋವಿಡ್ ಬಂದು ಆಸ್ಪತ್ರೆ ಸೇರಿದ್ದು, ಮನಿತನದಾಗ ಮೊದಲ ಇಂಥಾ ಸಾವು ಆಗಿದ್ದು, ಸಾಯೋಕ್ಕಿಂತ ಮೊದಲಿನ ಎರಡು ದಿನದಾಗ ವಿಪರೀತ ಕುಡಿದಿದ್ದು, ನಶೆ ಮಾಡಿದ್ದು, ಮೈಗೆ ಮೀರಿ ಕಸರತ್ತು ಮಾಡಿದ್ದು. ಇದು ನಮ್ಮ ಊರ ಹುಡುಗರಿಗೆ ಎಷ್ಟು ಬೇಕಾದ ಸುದ್ದಿ ನೋಡ್ರಿ! ಇದನ್ನ ಓದಿದ್ರ ಒಬ್ಬಿಬ್ಬರಾದ್ರೂ ಕುಡಿಯೋದು ಕಮ್ಮಿ ಮಾಡ್ತಿದ್ರು. ನಾ ಹಂಚೋ ನಾಲ್ಕು ಪೇಪರಿನ್ಯಾಗ ಸಾವಿನ ಎಣಿಕಿ ಮೊದಲ ಪುಟದಾಗಿತ್ತು, ಸಮಿತಿ ವರದಿ ಒಂದರಾಗ ಐದನೇ ಪುಟ, ಒಂದರಾಗ ಏಳನೇ ಪುಟ, ಸಿಂಗಲ್ ಕಾಲಂ. ಏಳನೇ ಪುಟ ನಮ್ಮ ಕಡೆ ಹೊಟೇಲಿನ್ಯಾಗ ಭಜಿ ಕಟ್ಟಲಿಕ್ಕ ಹೋಗ್ತದ ಸಾಹೇಬ್ರ, ಅಗಸಿ ಕಟ್ಟಿ ಮ್ಯಾಲ ಓದೋದು ಮೊದಲ ಪುಟ ಅಷ್ಟೇ.

"ಲಸಿಕೆ ಪಡೆದ ಬಳಿಕ ಸಾವು." ಈ ಹೆಡ್ಡಿಂಗ್ ನಾ ಎಷ್ಟು ಸಲ ಹಂಚೀನೋ ಲೆಕ್ಕ ಇಟ್ಟಿಲ್ಲ. ಬರದವರು ಸುಳ್ಳು ಬರದಾರ ಅಂತ ನಾ ಅನ್ನಂಗಿಲ್ಲ. ಸೂಜಿ ಮಾಡಿಸಿಕೊಂಡಿದ್ದೂ ಖರೇ, ಆಮ್ಯಾಲ ಸತ್ತಿದ್ದೂ ಖರೇ. ಆದ್ರ ಓದೋರ ತಲಿಯೊಳಗ "ಬಳಿಕ" ಅನ್ನೋದು "ಅದರಿಂದ" ಅಂತ ಆಗೇಬಿಡ್ತದ, ಅದಕ್ಕ ಅರ್ಧ ಸೆಕೆಂಡೂ ಬೇಕಾಗಿಲ್ಲ. ನಾ ಒಂದು ಸಣ್ಣ ಲೆಕ್ಕ ಮಾಡಿದೆ. 2011ರ ಜನಗಣತಿ ಪ್ರಕಾರ ಕಲಬುರಗಿ ಜಿಲ್ಲಾದಾಗ 25 ಲಕ್ಷದ 66 ಸಾವಿರ ಮಂದಿ. ವರ್ಷಕ್ಕ ಸಾವಿರಕ್ಕ ಆರು ಸಾವು ಅಂತ ಹಿಡಿದ್ರೂ, ಯಾವ ಸೂಜಿ ಇಲ್ಲ ಯಾವ ಮಹಾಮಾರಿ ಇಲ್ಲ ಅಂದ್ರೂ, ದಿನಾ ನಲವತ್ತು ಮಂದಿ ನಮ್ಮ ಜಿಲ್ಲಾದಾಗ ಸಾಯ್ತಾರ, ಅದರಾಗ ಹೆಚ್ಚಿನವರು ವಯಸ್ಸಾದವರು. ಈಗ ಒಂದೇ ತಿಂಗಳದಾಗ ಜಿಲ್ಲಾದ ವಯಸ್ಸಾದವರಿಗೆಲ್ಲ ಸೂಜಿ ಮಾಡಿದ್ರ ಮರುದಿನ, ಮೂರನೇ ದಿನ, ವಾರದಾಗ ಸಾಯೋರು ಇದ್ದೇ ಇರ್ತಾರ. ಅವರೆಲ್ಲರ ಮ್ಯಾಲೂ "ಲಸಿಕೆ ಪಡೆದ ಬಳಿಕ" ಅಂತ ಬರೀಬಹುದು. "ಚಹಾ ಕುಡಿದ ಬಳಿಕ" ಅಂತನೂ ಬರೀಬಹುದು, ಆದ್ರ ಯಾರೂ ಬರಿಯಂಗಿಲ್ಲ, ಯಾಕಂದ್ರ ಚಹಾದ ಮ್ಯಾಲ ಯಾರಿಗೂ ಸಂಶಯ ಇಲ್ಲ.

ಸಂಪಾದಕರೇ, ನಿಮಗ ಒಂದು ಹಳೇ ಮಾತು ನೆನಪು ಮಾಡಿ ಕೊಡಬೇಕು. ಇದನ್ನ ಬಿಟ್ಟು ನನ್ನ ಪತ್ರ ಮುಂದ ಹೋಗಂಗಿಲ್ಲ. 2020ರ ಮಾರ್ಚ್. ದೇಶದಾಗ ಕೋವಿಡ್‌ನಿಂದ ಆದ ಮೊದಲ ಸಾವು ನಮ್ಮ ಕಲಬುರಗಿಯವರದ್ದು, ಮಾರ್ಚ್ 10ಕ್ಕ ಆ ಹಿರಿಯರು ಹೋದ್ರು, 12ಕ್ಕ ಅದು ಕೋವಿಡ್ ಅಂತ ಖಾತ್ರಿ ಆಯ್ತು. ಮರುದಿನದಿಂದ ಇಡೀ ದೇಶದ ಟಿವಿಯೊಳಗ ಕಲಬುರಗಿ ಹೆಸರು. ಬೆಂಗಳೂರಾಗ ಕಲಬುರಗಿ ಅಂತ ಹೇಳಿದ್ರ ಬಾಡಿಗಿ ಮನಿಯವರು ಒಂದು ಹೆಜ್ಜಿ ಹಿಂದ ಸರೀತಿದ್ರು ಅಂತ ನನ್ನ ಅಕ್ಕನ ಮಗ ಫೋನ್ ಮಾಡಿ ಹೇಳ್ತಿದ್ದ. ಅದೇ ಹೊತ್ತಿಗೆ ಒಂದು ವಾಟ್ಸಾಪ್ ಮೆಸೇಜ್ ಬಂತು, ಪೇಪರ್ ಮುಟ್ಟಿದ್ರ ಕೊರೋನಾ ಬರ್ತದ ಅಂತ. ಹದಿನೈದು ದಿನದಾಗ ನನ್ನ ನೂರಾ ಮೂವತ್ತು ಪೇಪರ್ ನಲವತ್ತಕ್ಕ ಇಳೀತು. ವರ್ಷಗಟ್ಟಲೆ ಹಾಕಿಸ್ಕೊಂಡವರು ಗೇಟಿನ ಹೊರಗಿಂದನೇ ಬ್ಯಾಡ ಅಂದ್ರು, ಕೆಲವರು ಇಸ್ತ್ರಿ ಹಚ್ಚಿ ಓದ್ತಿದ್ರು. ನಾ ಅವತ್ತ ಮನಿಯಾಗ ಕುಂತು ಅತ್ತೀನಿ, ಸುಳ್ಳು ಹೇಳಂಗಿಲ್ಲ.

ಆವಾಗ ನೀವು ಏನು ಮಾಡಿದ್ರಿ? ಎಲ್ಲಾ ಪೇಪರಿನವರೂ ಮೊದಲ ಪುಟದಾಗ, ದಿನಾ, ದೊಡ್ಡ ಅಕ್ಷರದಾಗ ಪೇಪರಿನಿಂದ ಕೊರೋನಾ ಬರಂಗಿಲ್ಲ ಅಂತ ಹಾಕಿದ್ರಿ. ಡಾಕ್ಟರ್‌ಗಳ ಮಾತು ಹಾಕಿದ್ರಿ, ವಿಶ್ವ ಆರೋಗ್ಯ ಸಂಸ್ಥೆ ಹೆಸರು ಹಾಕಿದ್ರಿ, ಪ್ರೆಸ್ಸಿನ್ಯಾಗ ಮಷಿನ್ ಹೆಂಗ ತಾನಾಗೇ ಮಡಚ್ತದ, ಬಂಡಲ್‌ಗೆ ಹೆಂಗ ಸ್ಯಾನಿಟೈಸರ್ ಹೊಡೀತಾರ ಅಂತ ಫೋಟೋ ಹಾಕಿದ್ರಿ. ಒಂದು ದಿನ ಹಾಕಿ ಬಿಡ್ಲಿಲ್ಲ, ವಾರಗಟ್ಟಲೆ ಹಾಕಿದ್ರಿ. ಮಂದಿ ತಿರುಗಿ ಪೇಪರ್ ಹಿಡಿದ್ರು, ಪೂರ್ತಿ ಅಲ್ಲ, ಆದ್ರ ನನ್ನ ಹೊಟ್ಟಿ ತುಂಬುವಷ್ಟು ಹಿಡಿದ್ರು. ಅಂದ್ರ ಗಾಳಿ ಸುದ್ದಿ ಹೆಂಗ ಕೊಲ್ಲಬೇಕು ಅನ್ನೋದು ನಿಮಗ ಬರ್ತದ. ಎಷ್ಟು ಸಲ ಹೇಳಬೇಕು, ಯಾವ ಪುಟದಾಗ ಹೇಳಬೇಕು, ಯಾರ ಬಾಯಿಂದ ಹೇಳಿಸ್ಬೇಕು ಎಲ್ಲಾ ಗೊತ್ತದ. ನಿಮ್ಮ ಪೇಪರ್ ಮ್ಯಾಲ ಬಂದ ಸಂಶಯಕ್ಕ ಮಾಡಿದಷ್ಟು ಕೆಲಸ ಲಸಿಕೆ ಮ್ಯಾಲ ಬಂದ ಸಂಶಯಕ್ಕ ಮಾಡ್ರಿ ಅಂತ ಕೇಳ್ಕೊಳ್ಳೋದು ಇಷ್ಟೇ.

2021ರ ಜನವರಿ 16ಕ್ಕ ಲಸಿಕೆ ಸುರು ಆಯ್ತು, ಮೊದಲ ಆರೋಗ್ಯ ಇಲಾಖೆಯವರಿಗೆ. ನಮ್ಮಾಕಿ ತೊಗೊಂಡ್ಲು, ಒಂದು ದಿನ ಜ್ವರ ಬಂತು, ಮೈಕೈ ನೋವು, ಮೂರನೇ ದಿನ ಹೊಲಕ್ಕ ಹೋದ್ಲು. ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಚಾಲೂ ಆಯ್ತು. ಸರಿಯಾಗಿ ಅದೇ ಹೊತ್ತಿಗೆ ಯುರೋಪಿನ ಸುದ್ದಿ ಬಂತು. ರಕ್ತ ಹೆಪ್ಪುಗಟ್ಟತದೇನೋ ಅನ್ನೋ ಸಂಶಯಕ್ಕ ಡೆನ್ಮಾರ್ಕ್ ಮಾರ್ಚ್ 11ಕ್ಕ ಆಸ್ಟ್ರಾಜೆನೆಕಾ ಕಂಪನಿ ಲಸಿಕೆ ನಿಲ್ಲಿಸ್ತು, 15ಕ್ಕ ಜರ್ಮನಿ, ಫ್ರಾನ್ಸ್, ಇಟಲಿ ನಿಲ್ಲಿಸಿದ್ವು. ನಮ್ಮ ಕೋವಿಶೀಲ್ಡ್ ಅಂದ್ರ ಅದೇ ಲಸಿಕೆ, ಪುಣೆಯೊಳಗ ಆಗಿದ್ದು. ನಮ್ಮ ಕಾಕಾ ಒಬ್ಬರಿದ್ರು, ಅರವತ್ತನಾಲ್ಕು ವಯಸ್ಸು, ಅಗಸಿ ಕಟ್ಟಿ ಮ್ಯಾಲ ದಿನಾ ಪೇಪರ್ ಜೋರಾಗಿ ಓದಿ ಹತ್ತು ಮಂದಿಗೆ ಹೇಳೋರು ಅವರೇ. ಅವತ್ತ ಪೇಪರ್ ಮಡಚಿ ತೊಡಿ ಮ್ಯಾಲ ಇಟ್ಕೊಂಡು, "ಅಷ್ಟು ಶಾಣ್ಯಾ ದೇಶದವರೇ ನಿಲ್ಲಿಸ್ಯಾರ, ನಾವ್ಯಾಕ ಅವಸರ ಮಾಡೋದು, ನೋಡೋಣ" ಅಂದ್ರು. ಕಟ್ಟಿ ಮ್ಯಾಲಿದ್ದ ಎಲ್ಲರೂ ನೋಡೋಣ ಅಂದ್ರು. ಮರುದಿನ ಶಾಲಿಯೊಳಗ ಕ್ಯಾಂಪ್ ಇತ್ತು. ಸಿಸ್ಟರ್ ಐಸ್ ಬಾಕ್ಸ್ ತೊಗೊಂಡು ಬಂದು ಸಂಜಿತನಕ ಕುಂತ್ರು, ಏಳೇ ಮಂದಿ ಬಂದಿದ್ರು.

ಮಾರ್ಚ್ 18ಕ್ಕ ಯುರೋಪಿನ ಔಷಧ ಸಂಸ್ಥೆಯವರು ಪರಿಶೀಲನೆ ಮಾಡಿ ಈ ಲಸಿಕೆಯಿಂದ ಆಗೋ ಲಾಭ ಅಪಾಯಕ್ಕಿಂತ ಹೆಚ್ಚು, ಮುಂದುವರಿಸಬಹುದು ಅಂದ್ರು. ಜರ್ಮನಿ, ಫ್ರಾನ್ಸ್, ಇಟಲಿ ಎಲ್ಲಾ ತಿರುಗಿ ಸುರು ಮಾಡಿದ್ವು. ಇದು ಕಾಕಾಗೆ ಗೊತ್ತಾಗಲೇ ಇಲ್ಲ. ಏಪ್ರಿಲ್ ಕೊನೀಗೆ ಅವರಿಗೆ ಜ್ವರ ಬಂತು, ಕಲಬುರಗಿಯೊಳಗ ಬೆಡ್ ಸಿಗಲಿಕ್ಕ ಒಂದು ರಾತ್ರಿ ಹೋಯ್ತು, ಮೇ ಮೊದಲ ವಾರದಾಗ ತೀರ್ಕೊಂಡ್ರು. ಸೂಜಿ ಮಾಡಿಸ್ಕೊಂಡಿದ್ರ ಉಳೀತಿದ್ರು ಅಂತ ನಾ ಹೇಳಂಗಿಲ್ಲ, ಅದು ಯಾರೂ ಹೇಳ್ಲಿಕ್ಕ ಬರಂಗಿಲ್ಲ. ಹೇಳೋದು ಇಷ್ಟೇ. ಅವರು ಹೋದ ಮ್ಯಾಲ ನಾ ರದ್ದಿ ಕಟ್ಟೋ ಮುಂದ ಮಾರ್ಚಿನ ಬಂಡಲ್ ಬಿಚ್ಚಿ ಹುಡುಕಿದೆ. ನಿಲ್ಲಿಸಿದ ಸುದ್ದಿ ಮೊದಲ ಪುಟದಾಗ ನಾಲ್ಕು ಕಾಲಂ ಇತ್ತು. ತಿರುಗಿ ಸುರು ಮಾಡಿದ ಸುದ್ದಿ ಒಳಗಿನ ಪುಟದಾಗ ಜಾಹೀರಾತಿನ ಪಕ್ಕದಾಗ ನನ್ನ ಬೆರಳಿನಷ್ಟು ಇತ್ತು. ಎರಡೂ ಪೇಪರ್ ಅವರ ಮನಿಗೆ ನಾನೇ ಹಾಕಿದ್ದೆ.

ಆ ಮೇ ತಿಂಗಳದಾಗ ಇನ್ನೊಂದು ನೋಡಿದೆ. ಚಾಮರಾಜನಗರದಾಗ ಆಕ್ಸಿಜನ್ ಇಲ್ಲದ ರಾತ್ರಿ 24 ಮಂದಿ ಹೋದ ಸುದ್ದಿ ಬಂತು, ದಿನಾ ಸ್ಮಶಾನದ ಫೋಟೋ, ಆಂಬುಲೆನ್ಸ್ ಸಾಲು. ಮಾರ್ಚಿನ್ಯಾಗ ಓಡಿ ಹೋದವರೇ ಮೇ ತಿಂಗಳದಾಗ ನಮ್ಮ ಮನಿ ಬಾಗಲಕ್ಕ ಬಂದು ಸೂಜಿ ಯಾವಾಗ ಅಂತ ಕೇಳ್ಲಿಕ್ಕ ಹತ್ತಿದ್ರು. ಆವಾಗ ಸ್ಟಾಕೇ ಇಲ್ಲ. ಹದಿನೆಂಟು ದಾಟಿದವರಿಗೆ ಸುರು ಮಾಡಿ ಹದಿನೈದು ದಿನ ಆಗಿರಲಿಲ್ಲ, ಮೇ 14ರಿಂದ ರಾಜ್ಯದಾಗ ಅದನ್ನ ನಿಲ್ಲಿಸಬೇಕಾಯ್ತು. ಅಂದ್ರ ಸುದ್ದಿ ಹೆದರಿಸಿ ಮಂದಿನ್ನ ಸೂಜಿಯಿಂದ ದೂರ ಓಡಿಸ್ತದ, ಸುದ್ದಿನೇ ಹೆದರಿಸಿ ಸೂಜಿ ಕಡೆ ಓಡಿಸ್ತದ. ಎರಡೂ ಸಲ ನಮ್ಮ ಮಂದಿ ತಿಳ್ಕೊಂಡು ನಿರ್ಧಾರ ಮಾಡ್ಲಿಲ್ಲ, ಅವತ್ತಿನ ಹೆದರಿಕಿ ಯಾವುದು ದೊಡ್ಡದೋ ಅದರ ಬೆನ್ನ ಹತ್ತಿದ್ರು.

ಟಿವಿಯವರ ಬಗ್ಗೆ ಒಂದು ಮಾತು, ಪೇಪರಿಗೂ ಅದು ಹತ್ತತದ. ನಮ್ಮ ಕಲಬುರಗಿ, ಯಾದಗಿರಿ ಕಡೆ ಹಳ್ಳಿಯೊಳಗ ಸೂಜಿಗೆ ಹೆದರಿ ಓಡೋ ಮುದುಕಿಯರ ವಿಡಿಯೋ ತೆಗೆದು ಹಾಸ್ಯದ ಮ್ಯೂಸಿಕ್ ಹಚ್ಚಿ ದಿನಾ ತೋರಿಸಿದ್ರು. ನೋಡಿ ನಗೋರು ನಕ್ಕರು. ಆ ಮುದುಕಿಯರು ಯಾಕ ಓಡಿದ್ರು ಅಂತ ಯಾರು ಕೇಳಿದ್ರು? ಹಿಂದಿನ ವರ್ಷ ಮೇ ತಿಂಗಳದಾಗ ಮುಂಬೈ, ಪುಣೆಗೆ ದುಡೀಲಿಕ್ಕ ಹೋದ ಅವರ ಮಕ್ಕಳು ತಿರುಗಿ ಬಂದಾಗ ಏನಾಗಿತ್ತು ಗೊತ್ತದ ಅಲ್ಲ. ರೋಗಿಗೆ ಕೊಟ್ಟ ಪಿ ನಂಬರ್ ಹಾಕಿ, ವಯಸ್ಸು ಹಾಕಿ, ತಾಲ್ಲೂಕು ಹಾಕಿ ದಿನಾ ಬುಲೆಟಿನ್. ಹೆಸರು ಇಲ್ಲದಿದ್ರೂ ಹಳ್ಳಿಯೊಳಗ ಅದು ಯಾರು ಅಂತ ಚಹಾ ತಣ್ಣಗಾಗೋದ್ರಾಗ ಗೊತ್ತಾಗ್ತದ. ಮುಂಬೈಯಿಂದ ಬಂದವರು ಕಂಟಕ ಅನ್ನೋ ಥರ ಬರದಿದ್ದು, ಒಂದು ಸಮುದಾಯದ ಮ್ಯಾಲ ಪೂರ್ತಿ ಕೊರೋನಾ ಹೊರಿಸಿದ್ದು, ಇವನ್ನ ನಮ್ಮ ಮಂದಿ ಮರೆತಿಲ್ಲ. ನಮ್ಮೂರ ಒಂದು ಓಣಿಯೊಳಗ ಲಸಿಕೆ ಕ್ಯಾಂಪ್ ಅಂದ್ರ ಅಲ್ಲಿ ಹೋದ ಕೂಡ್ಲೇ ಟೆಸ್ಟ್ ಮಾಡ್ತಾರ, ಆಂಬುಲೆನ್ಸ್‌ನಾಗ ಹಾಕ್ಕೊಂಡು ಹೋಗ್ತಾರ, ಟಿವಿಯೊಳಗ ತೋರಿಸ್ತಾರ ಅಂತ ಹೆದರ್ಕೊಂಡಿದ್ರು. ಮಸೀದಿಯ ಹಿರಿಯರು ತಾವೇ ಮೊದಲ ಮಾಡಿಸ್ಕೊಂಡು ಮೈಕಿನ್ಯಾಗ ಹೇಳಿದ ಮ್ಯಾಲ ಅಲ್ಲಿ ಮಂದಿ ಬಂದ್ರು. ಆಚೆ ಓಣಿಯೊಳಗ ಮಠದ ಅಜ್ಜಾರು ಮಾಡಿಸ್ಕೊಂಡ್ರು, ಅದರ ಫೋಟೋ ಒಂದು ಪೇಪರಿನ್ಯಾಗ ಸಣ್ಣದಾಗಿ ಬಂತು, ನಾ ಅದನ್ನ ಕತ್ತರಿಸಿ ಹಾಲಿನ ಡೇರಿ ಗೋಡಿಗೆ ಅಂಟಿಸಿದೆ. ಅದರ ಮುಂದಿನ ಕ್ಯಾಂಪಿಗೆ ತೊಂಬತ್ತು ಮಂದಿ. ಬೆರಳಷ್ಟು ಸುದ್ದಿಗೂ ಇಷ್ಟು ತಾಕತ್ತು ಇರ್ತದ ಅಂತ ನಾ ಅವತ್ತೇ ಕಲತೆ.

ಇದು ನಮ್ಮ ಹಳ್ಳಿ ಮಂದಿ ದಡ್ಡತನ ಅಂತ ಯಾರಾದ್ರೂ ತಿಳ್ಕೊಂಡಿದ್ರ ಬ್ರಿಟನ್ ಕಡೆ ನೋಡ್ರಿ. ವೇಲ್ಸ್ ದೇಶದ ಸ್ವಾನ್ಸಿ ಊರಾಗ ಸೌತ್ ವೇಲ್ಸ್ ಈವ್ನಿಂಗ್ ಪೋಸ್ಟ್ ಅಂತ ಒಂದು ಸ್ಥಳೀಯ ಪೇಪರ್, 1997ರಾಗ ದಡಾರದ ಲಸಿಕೆ ಎಂಎಂಆರ್ ವಿರುದ್ಧ ತಾಯಿ ತಂದಿಗಳ ಸಂಶಯದ ಸುದ್ದಿ ಬೆನ್ನು ಹತ್ತಿ ಹಾಕ್ತು. ಆಮ್ಯಾಲ ಸಂಶೋಧಕರು ಲೆಕ್ಕ ತೆಗೆದು ನೋಡಿದ್ರು. ಆ ಪೇಪರ್ ಹೋಗೋ ಭಾಗದಾಗ ಲಸಿಕೆ ಹಾಕಿಸೋ ಪ್ರಮಾಣ ಶೇಕಡಾ 13.6ರಷ್ಟು ಇಳಿದಿತ್ತು, ವೇಲ್ಸ್‌ನ ಉಳಿದ ಭಾಗದಾಗ ಇಳಿದಿದ್ದು 2.4. ಒಂದೇ ದೇಶ, ಒಂದೇ ಲಸಿಕೆ, ಒಂದೇ ಥರದ ದವಾಖಾನಿ, ಬ್ಯಾರೆ ಇದ್ದದ್ದು ಮನಿಗೆ ಬರೋ ಪೇಪರ್. ಮರುವರ್ಷ ಲಂಡನ್ನಿನ ವೇಕ್‌ಫೀಲ್ಡ್ ಅನ್ನೋ ಡಾಕ್ಟರ್ ಬರೇ 12 ಮಕ್ಕಳನ್ನ ನೋಡಿ ಎಂಎಂಆರ್‌ಗೂ ಆಟಿಸಂಗೂ ಗಂಟು ಹಾಕಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯೊಳಗ ಬರದ, ಇಡೀ ದೇಶದ ಪೇಪರ್ ಅದನ್ನ ಹೊತ್ತು ತಿರುಗಿದ್ವು, ಲ್ಯಾನ್ಸೆಟ್ ಆ ಲೇಖನ ವಾಪಸ್ ತೊಗೊಂಡಿದ್ದು 2010ರಾಗ. ಹನ್ನೆರಡು ವರ್ಷ! ಅಷ್ಟೊತ್ತಿಗೆ ಸ್ವಾನ್ಸಿಯೊಳಗ ಸೂಜಿ ತಪ್ಪಿಸ್ಕೊಂಡ ಕೂಸುಗಳು ಹೈಸ್ಕೂಲಿಗೆ ಬಂದಿದ್ವು. 2012-13ರಾಗ ಅಲ್ಲಿ ದಡಾರ ಎದ್ದಿತು, ಸಾವಿರದ ಇನ್ನೂರು ದಾಟಿದ ಕೇಸು, ಒಂದು ಸಾವು. ಪೇಪರಿನ್ಯಾಗ ಬಂದ ಹೆಡ್ಡಿಂಗಿನ ಬಿಲ್ಲು ಹದಿನೈದು ವರ್ಷದ ಮ್ಯಾಲ ಬಂತು. ನಮ್ಮ ಊರಾಗ ಇವತ್ತ ಎರಡನೇ ಡೋಸ್ ತಪ್ಪಿಸೋ ಈ ಕೂಸಿನ ಬಿಲ್ಲು ಯಾವಾಗ ಬರ್ತದೋ.

ಹಂಗಂತ ಲಸಿಕೆ ಬಗ್ಗೆ ಕೆಟ್ಟ ಸುದ್ದಿ ಬರೀಬ್ಯಾಡ್ರಿ ಅಂತ ನಾ ಹೇಳ್ಲತ್ತಿಲ್ಲ, ಇದನ್ನ ದಯವಿಟ್ಟು ತಪ್ಪು ತಿಳ್ಕೋಬ್ಯಾಡ್ರಿ. ಮುಚ್ಚಿಟ್ರ ನಮ್ಮ ಮಂದಿಗೆ ಇನ್ನೂ ಹೆಚ್ಚು ಸಂಶಯ ಬರ್ತದ. ನಮ್ಮ ನೆರಿ ರಾಜ್ಯದ ಖಮ್ಮಂ ಜಿಲ್ಲಾದಾಗ 2009ರಾಗ ಗರ್ಭಕಂಠದ ಕ್ಯಾನ್ಸರ್ ತಡೆಯೋ ಎಚ್‌ಪಿವಿ ಲಸಿಕೆ ಸಾವಿರಾರು ಹುಡುಗಿಯರಿಗೆ ಹಾಕಿದ್ರು, ಗುಜರಾತಿನ ವಡೋದರಾದಾಗೂ ಹಾಕಿದ್ರು. ಏಳು ಹುಡುಗಿಯರು ಸತ್ತ ಸುದ್ದಿ ಬಂತು, 2010ರ ಏಪ್ರಿಲ್‌ನಾಗ ನಿಲ್ಲಿಸಿದ್ರು. ತನಿಖೆ ಮಾಡಿದಾಗ ಸಾವಿಗೆ ಕಾರಣ ಹಾವು ಕಚ್ಚಿದ್ದು, ನೀರಾಗ ಮುಳುಗಿದ್ದು, ಕೀಟನಾಶಕ ಕುಡಿದಿದ್ದು, ಮಲೇರಿಯಾ, ಇಂಥಾವು ಅಂತ ಬಂತು, ಲಸಿಕೆಗೆ ಗಂಟು ಬೀಳಲಿಲ್ಲ. ಆದ್ರ ಅದೇ ತನಿಖೆಯೊಳಗ ಇನ್ನೊಂದು ಖರೇ ತಪ್ಪು ಹೊರಗ ಬಂತು. ತಾಯಿ ತಂದಿಗೆ ಸರಿಯಾಗಿ ಹೇಳಿ ಒಪ್ಪಿಗೆ ತೊಗೊಂಡಿರಲಿಲ್ಲ, ಬಡವರ, ಆದಿವಾಸಿಗಳ ಹುಡುಗಿಯರಿದ್ದ ಹಾಸ್ಟೆಲಿನ್ಯಾಗ ವಾರ್ಡನ್‌ಗಳೇ ಸಹಿ ಮಾಡಿದ್ರು. ಇದನ್ನ ಪತ್ರಕರ್ತರು ಮತ್ತ ಹೋರಾಟಗಾರರು ಎತ್ತಿ ತೋರಿಸಿದ್ದು ಪುಣ್ಯದ ಕೆಲಸ, ಅದು ಆಗಲೇಬೇಕಿತ್ತು. ಆದ್ರ ಎರಡೂ ಸುದ್ದಿ ಒಂದರಾಗ ಒಂದು ಕಲಸಿ ಹೋಗಿ ಮಂದಿ ತಲಿಯೊಳಗ ಉಳಿದಿದ್ದು "ಆ ಸೂಜಿಗೆ ಹುಡುಗಿಯರು ಸತ್ರು" ಅನ್ನೋದೊಂದೇ. ಈಗ ನಮ್ಮ ಕಡೆ ಎಚ್‌ಪಿವಿ ಮಾತು ಎತ್ತಿದ್ರ ನಮ್ಮಾಕಿಗೆ ಮೊದಲ ಬರೋ ಪ್ರಶ್ನೆ ಅದೇ.

2024ರಾಗೂ ನೋಡಿದ್ವಿ. ಆಸ್ಟ್ರಾಜೆನೆಕಾ ಕಂಪನಿ ಬ್ರಿಟನ್ ಕೋರ್ಟಿನ್ಯಾಗ ತನ್ನ ಲಸಿಕೆಯಿಂದ ಭಾಳ ಅಪರೂಪಕ್ಕ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಇಳಿಯೋ ತೊಂದ್ರಿ ಆಗಬಹುದು ಅಂತ ಒಪ್ಕೊಂಡಿದ್ದು ಏಪ್ರಿಲ್ ಕೊನೀಗೆ ಸುದ್ದಿ ಆಯ್ತು. ಅದು ಖರೇ, ಬರೀಬೇಕಾಗಿದ್ದೇ. ಆದ್ರ ಅದು ಹೊಸಾದಾಗಿರಲಿಲ್ಲ. ಯುರೋಪಿನವರು 2021ರ ಏಪ್ರಿಲ್ 7ಕ್ಕೇ ಸಂಬಂಧ ಇರಬಹುದು ಅಂತ ಹೇಳಿದ್ರು, ನಮ್ಮ ದೇಶದ ಸಮಿತಿ ಮೇ 17ಕ್ಕ ಕೋವಿಶೀಲ್ಡ್ ಹತ್ತು ಲಕ್ಷ ಡೋಸಿಗೆ 0.61 ಅಂಥಾ ಕೇಸು ಅಂತ ಲೆಕ್ಕ ಕೊಟ್ಟಿತ್ತು, ಅಂದ್ರ ಹತ್ತು ಲಕ್ಷ ಡೋಸಿಗೆ ಒಂದಕ್ಕಿಂತ ಕಮ್ಮಿ. ಅದೂ ಸೂಜಿ ಆದ ಮೊದಲ ಕೆಲವು ವಾರದೊಳಗ ಆಗೋ ತೊಂದ್ರಿ. ಈ ಎರಡು ಸಾಲು ಹೆಡ್ಡಿಂಗಿನ ಕೆಳಗ ಇದ್ದಿದ್ರ ಸಾಕಾಗಿತ್ತು. ಇಲ್ಲದ ಕಾರಣ ಮೂರು ವರ್ಷದ ಹಿಂದ ಸೂಜಿ ಮಾಡಿಸ್ಕೊಂಡವರು ಅವತ್ತ ರಾತ್ರಿ ನಮ್ಮಾಕಿಗೆ ಫೋನ್ ಮಾಡಿ ನಮ್ಮ ರಕ್ತ ಹೆಪ್ಪುಗಟ್ಟತದೇನು ಅಂತ ಕೇಳಿದ್ರು. ಒಬ್ಬ ಹೆಣ್ಣುಮಗಳು ತನ್ನ ಗಂಡನಿಗೆ ಒತ್ತಾಯ ಮಾಡಿ ಮಾಡಿಸಿದ್ಲಂತ, ಆಕಿ ಫೋನಿನ್ಯಾಗ ಅಳ್ತಿದ್ಲು.

ವಾಟ್ಸಾಪ್ ಇರೋ ಮುಂದ ಪೇಪರಿನ ಮಾತು ಯಾರು ಕೇಳ್ತಾರ ಅಂತ ನೀವು ಅನ್ನಬಹುದು. ನಾ ಒಪ್ಪಂಗಿಲ್ಲ. ವಾಟ್ಸಾಪ್ ಸುಳ್ಳಿಗೆ ತಾಕತ್ತು ಅದ, ಇಲ್ಲ ಅಂತಿಲ್ಲ. ಬ್ರಿಟನ್, ಅಮೆರಿಕಾದಾಗ ಮಾಡಿದ ಒಂದು ಅಧ್ಯಯನ 2021ರಾಗ ಬಂದದ, ಖಂಡಿತಾ ಲಸಿಕೆ ತೊಗೋತೀವಿ ಅಂದವರಿಗೆ ಸುಳ್ಳು ಮಾಹಿತಿ ತೋರಿಸಿ ತಿರುಗಿ ಕೇಳಿದಾಗ ಹಂಗ ಅನ್ನೋರು ಶೇಕಡಾ ಆರರಷ್ಟು ಕಮ್ಮಿ ಆದ್ರು. ನಮ್ಮ ಹಳ್ಳಿಯೊಳಗ ವಾಟ್ಸಾಪಿನ ಮಾತಿಗೆ ಮಂದಿ ಒಂದು ಪ್ರಶ್ನಾ ಕೇಳ್ತಾರ, "ಪೇಪರಿನ್ಯಾಗ ಬಂದದೇನು" ಅಂತ. ಬಂದದ ಅಂದ್ರ ಮುಗೀತು, ಅದು ಖರೇ ಅಂತ ಮುದ್ರೆ ಬಿತ್ತು. ಆ ಮುದ್ರೆ ನಿಮ್ಮ ಕೈಯಾಗ ಅದ.

ನಾ ಕೇಳೋದು ದೊಡ್ಡದಲ್ಲ ಸಾಹೇಬ್ರ. ಸೂಜಿ ಆದ ಮ್ಯಾಲ ಯಾರಾದ್ರೂ ಸತ್ರ ಸುದ್ದಿ ಹಾಕ್ರಿ, ಆದ್ರ ಕಾರಣ ಇನ್ನೂ ಗೊತ್ತಾಗಿಲ್ಲ ಅನ್ನೋದನ್ನ ಹೆಡ್ಡಿಂಗಿನ್ಯಾಗೇ ಹಾಕ್ರಿ, ಕೊನೇ ಸಾಲಿನ್ಯಾಗ ಬ್ಯಾಡ, ಕೊನೇ ಸಾಲಿನತನಕ ಯಾರೂ ಬರಂಗಿಲ್ಲ. ಜಿಲ್ಲಾ ಸಮಿತಿ ಅದ, ರಾಜ್ಯ ಸಮಿತಿ ಅದ, ಅವರು ಪೋಸ್ಟ್ ಮಾರ್ಟಂ, ಹಳೇ ಜಡ್ಡು, ಲಸಿಕೆ ಬ್ಯಾಚ್ ಎಲ್ಲಾ ನೋಡಿ ಹೇಳ್ಲಿಕ್ಕ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳಗಟ್ಟಲೆ ಹಿಡೀತದ. ನಿಮ್ಮ ಪೇಪರ್ ದಿನಾ ಬರ್ತದ, ತನಿಖೆ ತಿಂಗಳಿಗೆ ಬರ್ತದ, ಈ ನಡುವಿನ ಜಾಗಾದಾಗೇ ಗಾಳಿ ಸುದ್ದಿ ಮನಿ ಮಾಡ್ಕೋತದ. ಅದಕ್ಕ ವರದಿಗಾರರು ಒಂದು ಡೈರಿ ಇಡಲಿ, ಯಾವ ಸಾವಿನ ಸುದ್ದಿ ಯಾವ ಪುಟದಾಗ ಎಷ್ಟು ಕಾಲಂ ಹಾಕಿದ್ವಿ ಅಂತ, ತನಿಖೆ ಮುಗಿದ ದಿನ ಅದೇ ಪುಟದಾಗ ಅಷ್ಟೇ ಕಾಲಂ ಹಾಕ್ರಿ. ಲಸಿಕೆಯಿಂದನೇ ಆಗಿತ್ತು ಅಂತ ಬಂದ್ರ ಅದನ್ನೂ ಅಷ್ಟೇ ದೊಡ್ಡದಾಗಿ ಹಾಕ್ರಿ, ಆ ಮನಿಯವರಿಗೆ ನ್ಯಾಯ ಸಿಗಲಿ. ಇನ್ನೊಂದು, ಸೂಜಿ ಆದ ಮ್ಯಾಲ ಅರ್ಧ ತಾಸು ಯಾಕ ಕೂಡಿಸ್ತಾರ, ಎಂಥಾ ಲಕ್ಷಣ ಬಂದ್ರ ಯಾರಿಗೆ ಹೇಳಬೇಕು, ಜ್ವರ ಬಂದ್ರ ಹೆದರಬೇಕೋ ಬ್ಯಾಡೋ ಅಂತ ನಮ್ಮ ಭಾಷೆಯೊಳಗ, ನಮ್ಮ ಕಡೆ ಮಾತಿನ್ಯಾಗ ಬರೀರಿ. ಮತ್ತ ಆ ಅಳೋ ಕೂಸಿನ ಮುಖದ ಮುಂದ ದೊಡ್ಡ ಸೂಜಿ ಹಿಡಿದ ಫೋಟೋ ಬಿಡ್ರಿ, ನನಗೇ ನೋಡ್ಲಿಕ್ಕ ಆಗಂಗಿಲ್ಲ.

ಈ ಗುರುವಾರ ಅಂಗನವಾಡಿಯೊಳಗ ಲಸಿಕೆ ದಿನ ಅದ. ನಮ್ಮಾಕಿ ಆ ಮನಿಗೆ ತಿರುಗಿ ಹೋಗ್ತೀನಿ ಅಂದಾಳ. ನನ್ನ ಪತ್ರ ಹಾಕ್ಲಿಕ್ಕ ಜಾಗಾ ಇಲ್ಲದಿದ್ರ ಬಿಡ್ರಿ, ಬೇಜಾರಿಲ್ಲ, ಅದರ ಬದಲಿ ಹಾಸನದ ಸಮಿತಿ ಏನು ಹೇಳ್ತು ಅನ್ನೋದನ್ನ ಗುರುವಾರದ ಒಳಗ ಒಂದು ಸಲ ಮೊದಲ ಪುಟದಾಗ ಹಾಕ್ರಿ. ನಾ ಅವತ್ತ ಅವರ ಮನಿ ಪೇಪರ್ ಗೇಟಿನ್ಯಾಗ ಒಗಿಯಂಗಿಲ್ಲ, ಆ ಸುದ್ದಿಗೆ ಪೆನ್ನಿಂದ ಗೆರಿ ಹೊಡೆದು ಅಜ್ಜಿ ಕೈಯಾಗೇ ಕೊಟ್ಟು, ಓದಿ ಹೇಳಿ ಬರ್ತೀನಿ.

ಇಂತಿ ನಿಮ್ಮ ಪೇಪರ್ ಏಜೆಂಟ್,
ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲಾ